ಕೇಸಿನ ಫೈಲು ನಿಮ್ಮದೇ: ವಕೀಲರನ್ನು ಬದಲಿಸುವುದು, ಕಾಗದಪತ್ರ ವಾಪಸು ಪಡೆಯುವುದು, ದೂರು ಕೊಡುವುದು ಹೇಗೆ?

‘ನಮ್ಮ ವಕೀಲರು ಫೋನ್ ಎತ್ತುತ್ತಿಲ್ಲ.’ ‘ಫೀಸು ಬಾಕಿ ಇದೆ ಅಂತ ಫೈಲು ಕೊಡುತ್ತಿಲ್ಲ.’ ‘ಎನ್‌ಒಸಿ (ಹಳೆಯ ವಕೀಲರ ಒಪ್ಪಿಗೆ) ತಾರದೆ ಕೇಸು ಮುಟ್ಟುವುದಿಲ್ಲ ಅಂತ ಹೊಸ ವಕೀಲರು ಹೇಳುತ್ತಾರೆ.’ ಮಂಗಳೂರು, ಉಡುಪಿ, ಪುತ್ತೂರು, ಕುಂದಾಪುರದ ಓದುಗರು ಮತ್ತೆ ಮತ್ತೆ ಕೇಳುವುದು ಹೆಚ್ಚುಕಡಿಮೆ ಇವನ್ನೇ. ಮೂರಕ್ಕೂ ಕಾನೂನಿನಲ್ಲಿ ಉತ್ತರವಿದೆ. ಆದರೆ ಉತ್ತರ ಗೊತ್ತಿದ್ದರೆ ಸಾಲದು, ಯಾವುದನ್ನು ಮೊದಲು ಮಾಡಬೇಕೆಂಬುದೂ ಗೊತ್ತಿರಬೇಕು. ಸಿಟ್ಟಿನ ಭರದಲ್ಲಿ ಮೊದಲು ದೂರು ಬರೆದು, ಫೈಲನ್ನು ಆಮೇಲೆ ಕೇಳಿ, ಕೇಸಿನ ವಾಯಿದೆ ಯಾವತ್ತು ಎಂದು ಎಲ್ಲಕ್ಕಿಂತ ಕೊನೆಗೆ ನೋಡುವವರಿದ್ದಾರೆ. ಅಷ್ಟರಲ್ಲಿ ದಾವೆ ವಜಾ ಆಗಿರುತ್ತದೆ, ಇಲ್ಲವೇ ಅಪೀಲಿನ ಅವಧಿ ಮುಗಿದಿರುತ್ತದೆ. ವಕೀಲರ ಮೇಲಿನ ದೂರು ಗೆದ್ದರೂ ಕೈಬಿಟ್ಟ ಜಾಗ ತಾನಾಗಿ ಹಿಂದೆ ಬರುವುದಿಲ್ಲ. ಆದ್ದರಿಂದ ಮೊದಲು ಕೇಸು, ಆಮೇಲೆ ಫೈಲು, ಆಮೇಲೆ ಹಣದ ಲೆಕ್ಕ, ದೂರು ಕೊನೆಗೆ. ಈ ಲೇಖನದ ಹಂತಗಳೂ ಅದೇ ಕ್ರಮದಲ್ಲಿವೆ.

ಆರಂಭಕ್ಕೆ ಎರಡು ಮಾತು. ವಕೀಲರ ನಡತೆಯನ್ನು ಕಟ್ಟಿಹಾಕುವುದು 1961ರ ವಕೀಲರ ಕಾಯ್ದೆ ಮತ್ತು ಅದರಡಿ ಭಾರತೀಯ ವಕೀಲರ ಪರಿಷತ್ತು, ಅಂದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ, ಮಾಡಿರುವ ನಿಯಮಗಳು. ಆ ನಿಯಮಗಳ 6ನೇ ಭಾಗದ 2ನೇ ಅಧ್ಯಾಯದಲ್ಲಿ ವಕೀಲರಿಗೆ ನಾಲ್ಕು ದಿಕ್ಕಿನ ಕರ್ತವ್ಯ ಹೇಳಿದೆ: ನ್ಯಾಯಾಲಯಕ್ಕೆ, ಕಕ್ಷಿದಾರರಿಗೆ, ಎದುರು ಪಕ್ಷಕ್ಕೆ, ಸಹ ವಕೀಲರಿಗೆ. ಕಕ್ಷಿದಾರ ಎಂದರೆ ವಕೀಲರನ್ನು ನೇಮಿಸಿಕೊಂಡ ನೀವು. ನಿಮ್ಮ ಹಣ ಪಡೆದ ಮಾತ್ರಕ್ಕೆ ವಕೀಲರು ನಿಮ್ಮ ಮಾತಿನಂತೆಲ್ಲ ನಡೆಯಬೇಕೆಂದಿಲ್ಲ. ತಿದ್ದಿದ ದಾಖಲೆ ಹಾಜರುಪಡಿಸಲು, ಸಾಕ್ಷಿಗೆ ಸುಳ್ಳು ಹೇಳಿಕೊಡಲು ಅವರು ಒಪ್ಪದಿದ್ದರೆ ಅದು ಅವರ ಕರ್ತವ್ಯ. ಅದನ್ನೇ ದೂರಾಗಿ ಬರೆದರೆ ಸಿಕ್ಕಿಬೀಳುವವರು ನೀವು.

ಮೊದಲು ಕೈಯಲ್ಲಿರಬೇಕಾದ್ದು

ಕೇಸಿನ ನಂಬರು ಮತ್ತು ವರ್ಷ. ಸಿಎನ್‌ಆರ್ ಸಂಖ್ಯೆ, ಅಂದರೆ ಪ್ರತಿ ಪ್ರಕರಣಕ್ಕೂ ಸಿಗುವ 16 ಅಕ್ಷರ-ಅಂಕಿಗಳ ಗುರುತು. ಹಣ ಕೊಟ್ಟದ್ದರ ರಸೀದಿ, ಯುಪಿಐ ಅಥವಾ ಬ್ಯಾಂಕ್ ವಿವರ. ವಕೀಲರಿಗೆ ಒಪ್ಪಿಸಿದ ದಾಖಲೆಗಳ ಪಟ್ಟಿ. ವಾಟ್ಸಾಪ್ ಸಂದೇಶಗಳು (ಯಾವುದನ್ನೂ ಅಳಿಸಬೇಡಿ, ಆ ಫೋನನ್ನೂ ಮಾರಬೇಡಿ). ದಾಖಲೆ ಕೊಟ್ಟಾಗ ಪಟ್ಟಿ ಮಾಡಿರದಿದ್ದರೆ ಈಗಲೇ ಕೂತು ನೆನಪು ಮಾಡಿ ಬರೆಯಿರಿ. ಮನೆಯ ಹಿರಿಯರನ್ನೂ ಕೇಳಿ. ಮೂಲಗೇಣಿ ಚೀಟಿ (ಶಾಶ್ವತ ಗೇಣಿಯ ಪತ್ರ), ಡಿಕ್ಲರೇಷನ್ ಆದೇಶ (ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟ ಆದೇಶ), ಹಳೆಯ ಪಾಲುಪಟ್ಟಿಯಂಥ ಕಾಗದ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಅವರಿಗೇ ಗೊತ್ತಿರುತ್ತದೆ.

ಹಂತ 1: ಕೇಸು ಎಲ್ಲಿ ನಿಂತಿದೆ ಎಂದು ನೀವೇ ನೋಡಿ

ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಅಥವಾ ಜಾಲತಾಣದಲ್ಲಿ ಸಿಎನ್‌ಆರ್ ಹಾಕಿದರೆ ಮುಂದಿನ ವಾಯಿದೆ, ಕೇಸಿನ ಹಂತ, ಹಿಂದಿನ ದಿನಾಂಕಗಳು ಮತ್ತು ಬಹುತೇಕ ದೈನಂದಿನ ಆದೇಶಗಳು ಕಾಣುತ್ತವೆ. ಸಿಎನ್‌ಆರ್ ಇಲ್ಲದಿದ್ದರೆ ಜಿಲ್ಲೆ, ಕೋರ್ಟು ಸಂಕೀರ್ಣ ಮತ್ತು ಕಕ್ಷಿದಾರರ ಹೆಸರಿನಿಂದ ಹುಡುಕಬಹುದು. ಬಂಟ್ವಾಳ, ಬೆಳ್ತಂಗಡಿ, ಸುಳ್ಯ, ಮೂಡುಬಿದಿರೆ, ಕಾರ್ಕಳದ ಕೋರ್ಟುಗಳನ್ನು ಬೇರೆ ಬೇರೆಯಾಗಿ ಆರಿಸಬೇಕು. ಜಿಲ್ಲೆ ಸರಿ ಆರಿಸಿ ತಾಲೂಕು ಕೋರ್ಟು ತಪ್ಪಿದರೆ ‘ದಾಖಲೆ ಇಲ್ಲ’ ಎಂದು ಬರುತ್ತದೆ. ಅದನ್ನು ನೋಡಿ ಕೇಸೇ ಹಾಕಿಲ್ಲ ಎಂಬ ತೀರ್ಮಾನಕ್ಕೆ ಬರಬೇಡಿ. ಮೊಬೈಲು ಬಳಸಿ ಅಭ್ಯಾಸವಿಲ್ಲದವರು ಕೋರ್ಟಿನ ಇ-ಸೇವಾ ಕೇಂದ್ರದಲ್ಲಿ ಕೇಳಬಹುದು.

ನೋಡುವಾಗ ಈ ಗಡುವುಗಳು ತಲೆಯಲ್ಲಿರಲಿ:

– ಸಿವಿಲ್ ದಾವೆಯ ಸಮನ್ಸ್ ಬಂದಿದ್ದರೆ ಪ್ರತಿವಾದ ಪತ್ರಕ್ಕೆ 30 ದಿನ. ಕಾರಣ ತೋರಿಸಿದರೆ 90 ದಿನದವರೆಗೆ ಕೋರ್ಟು ಅವಕಾಶ ಕೊಡಬಹುದು.
– ಗೈರುಹಾಜರಿಗಾಗಿ ದಾವೆ ವಜಾ ಆಗಿದ್ದರೆ ಅದನ್ನು ಮತ್ತೆ ಎತ್ತಿಸಿಕೊಳ್ಳಲು 30 ದಿನ.
– ನಿಮ್ಮ ವಿರುದ್ಧ ಏಕಪಕ್ಷೀಯ ಡಿಕ್ರಿ (ನೀವು ಗೈರಾದಾಗ ಎದುರು ಪಕ್ಷವನ್ನಷ್ಟೇ ಕೇಳಿ ಕೊಟ್ಟ ತೀರ್ಪು) ಆಗಿದ್ದರೆ ರದ್ದು ಮಾಡಿಸಲು 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ಗೊತ್ತಾದ ದಿನದಿಂದ ಲೆಕ್ಕ.
– ಸಿವಿಲ್ ಡಿಕ್ರಿಯ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು 30 ದಿನದೊಳಗೆ, ಹೈಕೋರ್ಟಿಗಾದರೆ 90 ದಿನದೊಳಗೆ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಎಣಿಸುವುದಿಲ್ಲ. ಹಾಗಾಗಿ ನಕಲಿಗೆ ಅರ್ಜಿ ಹಾಕುವುದನ್ನು ಒಂದು ದಿನವೂ ಮುಂದೂಡಬೇಡಿ.
– ಚೆಕ್ ಬೌನ್ಸ್ ಆಗಿದ್ದರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸು ಹೋಗಬೇಕು.

ಇವುಗಳಲ್ಲಿ ಯಾವುದಾದರೂ ಹತ್ತಿರದಲ್ಲಿದ್ದರೆ ಹಂತ 2 ಮತ್ತು 3 ಬಿಟ್ಟು ನೇರ ಹಂತ 4ಕ್ಕೆ ಹೋಗಿ. ಗಡುವು ದಾಟಿಹೋಗಿದ್ದರೆ ವಿಳಂಬ ಮನ್ನಾ ಅರ್ಜಿ ಹಾಕಬಹುದು, ಅಂದರೆ ತಡವಾದದ್ದಕ್ಕೆ ಕಾರಣ ಕೊಟ್ಟು ಕೋರ್ಟಿನ ಕ್ಷಮೆ ಕೇಳುವುದು. ವಕೀಲರ ತಪ್ಪಿಗೆ ನಿರಪರಾಧಿ ಕಕ್ಷಿದಾರ ನರಳಬಾರದೆಂದು ಸುಪ್ರೀಂ ಕೋರ್ಟು 1981ರಲ್ಲೇ ರಫೀಕ್ ಪ್ರಕರಣದಲ್ಲಿ ಹೇಳಿದೆ. ಹಾಗೆಂದು ‘ಎಲ್ಲ ವಕೀಲರಿಗೆ ಬಿಟ್ಟಿದ್ದೆ’ ಎಂದಷ್ಟೇ ಹೇಳಿದರೆ ಕೋರ್ಟು ಒಪ್ಪಬೇಕೆಂದಿಲ್ಲ. ನೀವು ಯಾವಾಗ ವಿಚಾರಿಸಿದಿರಿ, ಏನು ಉತ್ತರ ಬಂತು ಎಂಬ ದಾಖಲೆ ಅಲ್ಲಿ ಬೇಕಾಗುತ್ತದೆ.

ಹಂತ 2: ಒಮ್ಮೆ ಎದುರು ಕೂತು ಮಾತಾಡಿ

ಬೆಳಿಗ್ಗೆ ಕೋರ್ಟಿನ ವರಾಂಡದಲ್ಲಿ ಹಿಡಿಯಬೇಡಿ. ಆ ಹೊತ್ತಿಗೆ ಅವರ ತಲೆಯಲ್ಲಿ ಆ ದಿನದ ಇನ್ನಷ್ಟು ಕೇಸುಗಳಿರುತ್ತವೆ. ಸಂಜೆ ಆಫೀಸಿಗೆ ಹೋಗಿ ನಾಲ್ಕು ವಿಷಯ ಕೇಳಿ: ಕೇಸು ಯಾವ ಹಂತದಲ್ಲಿದೆ, ಮುಂದಿನ ವಾಯಿದೆಗೆ ಏನಾಗಬೇಕು, ನನ್ನಿಂದ ಏನು ಬೇಕು, ಇದುವರೆಗಿನ ಹಣದ ಲೆಕ್ಕ ಎಷ್ಟು. ಅರ್ಧಕ್ಕರ್ಧ ಅಸಮಾಧಾನ ಇಲ್ಲಿಗೇ ಮುಗಿಯುತ್ತದೆ. ವಾಯಿದೆ ಮುಂದೆ ಹೋಗುವುದಕ್ಕೆ ನ್ಯಾಯಾಧೀಶರ ರಜೆ, ಎದುರುದಾರರ ಗೈರು, ಸಮನ್ಸ್ ಜಾರಿಯಾಗದಿರುವುದು ಹೀಗೆ ನೂರು ಕಾರಣ ಇರುತ್ತವೆ. ಎಲ್ಲಕ್ಕೂ ವಕೀಲರನ್ನು ದೂರುವುದು ಸರಿಯಲ್ಲ.

ಹಂತ 3: ಆಗದಿದ್ದರೆ ಪತ್ರ ಬರೆಯಿರಿ

ಮಾತಿಗೆ ಸಾಕ್ಷಿ ಇರುವುದಿಲ್ಲ, ಆದ್ದರಿಂದ ಪತ್ರ. ಬೈಗುಳ ಬೇಡ, ‘ಕೌನ್ಸಿಲಿಗೆ ಹೋಗುತ್ತೇನೆ’ ಎಂಬ ಬೆದರಿಕೆಯೂ ಬೇಡ. ಇಷ್ಟು ಸಾಕು:

‘ಮಾನ್ಯರೇ, ಉಡುಪಿಯ ... ನ್ಯಾಯಾಲಯದಲ್ಲಿರುವ ಒ.ಎಸ್. ನಂ. .../... ದಾವೆಯಲ್ಲಿ ತಾವು ನನ್ನ ಪರ ವಕಾಲತ್ತು ಹಾಕಿರುತ್ತೀರಿ. ಈ ಪ್ರಕರಣವನ್ನು ಬೇರೆ ವಕೀಲರಿಗೆ ಒಪ್ಪಿಸಲು ತೀರ್ಮಾನಿಸಿದ್ದೇನೆ. ದಯವಿಟ್ಟು (1) ಹೊಸ ವಕಾಲತ್ತಿಗೆ ತಮ್ಮ ಒಪ್ಪಿಗೆ, (2) ಪ್ರಕರಣದ ಫೈಲು ಮತ್ತು ಕೆಳಗಿನ ಪಟ್ಟಿಯ ಮೂಲ ದಾಖಲೆಗಳು, (3) ನಾನು ಕೊಟ್ಟ ಹಣದ ಲೆಕ್ಕ, ಇವನ್ನು ಈ ಪತ್ರ ತಲುಪಿದ 7 ದಿನದೊಳಗೆ ಕೊಡಬೇಕಾಗಿ ವಿನಂತಿ. ತಮ್ಮ ಫೀಸು ಬಾಕಿ ಇದ್ದರೆ ಅದರ ವಿವರವನ್ನೂ ಬರಹದಲ್ಲಿ ತಿಳಿಸಿ. ಮುಂದಿನ ವಾಯಿದೆ ದಿನಾಂಕ: ...’

ಒ.ಎಸ್. ಎಂದರೆ ಮೂಲ ದಾವೆ. ಅಪಘಾತ ಪರಿಹಾರವಾದರೆ ಎಂ.ವಿ.ಸಿ., ಡಿಕ್ರಿ ಜಾರಿಯಾದರೆ ಅಮಲ್ಜಾರಿ ಅರ್ಜಿ, ನಿಮ್ಮ ಕೇಸಿಗೆ ತಕ್ಕಂತೆ ಬರೆಯಿರಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ವಿವರವನ್ನು ಅಂಚೆ ಇಲಾಖೆಯ ತಾಣದಿಂದ ಆಗಲೇ ಪ್ರಿಂಟ್ ತೆಗೆದಿಡಿ, ತಿಂಗಳುಗಟ್ಟಲೆ ಕಳೆದ ಮೇಲೆ ಹುಡುಕಲು ಹೋಗಬೇಡಿ. ಅದೇ ಪತ್ರದ ಫೋಟೋವನ್ನು ವಾಟ್ಸಾಪಿನಲ್ಲೂ ಕಳಿಸಿ.

ಪತ್ರ ಬರೆದ ಮಾತ್ರಕ್ಕೆ ಹಳೆಯ ವಕೀಲರ ನೇಮಕ ಕೊನೆಯಾಗುವುದಿಲ್ಲ. ಇದನ್ನು ತಿಳಿಯದೆ ತುಂಬಾ ಜನ ಎಡವುತ್ತಾರೆ.

ಹಂತ 4: ವಕಾಲತ್ತು ಬದಲಿಸುವುದು

ವಕಾಲತ್ತು ಎಂದರೆ ‘ನನ್ನ ಪರ ಇವರು ಹಾಜರಾಗಲಿ’ ಎಂದು ನೀವು ಸಹಿ ಮಾಡಿ ಕೋರ್ಟಿಗೆ ಕೊಡುವ ಅಧಿಕಾರ ಪತ್ರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 4ನೇ ನಿಯಮದಂತೆ, ಒಮ್ಮೆ ಕೋರ್ಟಿಗೆ ಸಲ್ಲಿಸಿದ ವಕಾಲತ್ತು ಕೋರ್ಟಿನ ಅನುಮತಿಯೊಂದಿಗೆ ಲಿಖಿತವಾಗಿ ರದ್ದಾಗುವವರೆಗೆ ಜೀವಂತ ಇರುತ್ತದೆ. ಅಲ್ಲಿಯವರೆಗೆ ಹಳೆಯ ವಕೀಲರಿಗೆ ಹೋದ ನೋಟಿಸು ನಿಮಗೇ ಬಂದಂತೆ.

ಸುಲಭದ ದಾರಿ ಎಂದರೆ ಹೊಸ ವಕಾಲತ್ತಿನ ಮೇಲೆ ಹಳೆಯ ವಕೀಲರು ‘ನನ್ನ ಆಕ್ಷೇಪವಿಲ್ಲ’ ಎಂದು ಬರೆದು ಸಹಿ ಹಾಕುವುದು. ಜನ ಎನ್‌ಒಸಿ ಅನ್ನುವುದು ಇದಕ್ಕೇ. ಬಾರ್ ಕೌನ್ಸಿಲಿನ 39ನೇ ನಿಯಮದ ಪ್ರಕಾರ, ಒಬ್ಬರು ಈಗಾಗಲೇ ವಕಾಲತ್ತು ಹಾಕಿರುವ ಕೇಸಿಗೆ ಇನ್ನೊಬ್ಬ ವಕೀಲರು ಅವರ ಒಪ್ಪಿಗೆಯಿಲ್ಲದೆ ಬರುವಂತಿಲ್ಲ. ಹಾಗಾಗಿ ಹೊಸ ವಕೀಲರು ಎನ್‌ಒಸಿ ಕೇಳಿದರೆ ಅದು ತಪ್ಪಲ್ಲ.

ಆದರೆ ಅದೇ ನಿಯಮದಲ್ಲಿ ಇನ್ನೊಂದು ಸಾಲು ಇದೆ, ಅದು ಎಷ್ಟೋ ಜನರಿಗೆ ಗೊತ್ತಿಲ್ಲ: ಒಪ್ಪಿಗೆ ಸಿಗದಿದ್ದರೆ ಕಾರಣ ತಿಳಿಸಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ನ್ಯಾಯಾಲಯ ಅನುಮತಿ ಕೊಟ್ಟ ಮೇಲೆ ಹಾಜರಾಗಬಹುದು. ಅಂದರೆ ಎನ್‌ಒಸಿ ಕೊಡದೆ ನಿಮ್ಮನ್ನು ಕಟ್ಟಿಹಾಕಲು ಯಾರಿಗೂ ಆಗುವುದಿಲ್ಲ. ಮಾಡಬೇಕಾದ್ದು:

1. ಹೊಸ ವಕೀಲರ ಮೂಲಕ ಮಧ್ಯಂತರ ಅರ್ಜಿ ಸಿದ್ಧಪಡಿಸಿ. ಕೋರ್ಟಿನಲ್ಲಿ ಇದಕ್ಕೆ ಐ.ಎ. ಅನ್ನುತ್ತಾರೆ.
2. ಜೊತೆಗೆ ನಿಮ್ಮ ಪ್ರಮಾಣಪತ್ರ, ಅಂದರೆ ಅಫಿಡವಿಟ್ ಇರಲಿ. ಪತ್ರ ಕಳಿಸಿದ ದಿನ, ತಲುಪಿದ ದಿನ, ಉತ್ತರ ಬಾರದ್ದು, ಇಷ್ಟೇ ಬರೆಯಿರಿ. ಗಡುವು ಹತ್ತಿರವೆಂದು ಹಂತ 3 ಬಿಟ್ಟು ಬಂದಿದ್ದರೆ ಆ ಕಾರಣ ಬರೆಯಿರಿ. ಆರೋಪಗಳ ಪಟ್ಟಿ ಇಲ್ಲಿ ಬೇಡ. ಅದನ್ನು ತುಂಬಿದರೆ ಕೋರ್ಟು ಆ ಜಗಳವನ್ನು ಕೇಳಲು ಕೂರಬೇಕಾಗುತ್ತದೆ, ನಿಮ್ಮ ಕೇಸು ಹಿಂದೆ ಬೀಳುತ್ತದೆ.
3. ಪತ್ರ ಕಳಿಸಿದ್ದರೆ ಅದರ ನಕಲು ಮತ್ತು ಅಂಚೆ ದಾಖಲೆ ಲಗತ್ತಿಸಿ.
4. ಮುಂದಿನ ವಾಯಿದೆಗೆ ಕಾಯದೆ, ಗಡುವು ಹತ್ತಿರವಿದ್ದರೆ ಕೇಸನ್ನು ಮುಂಚಿತವಾಗಿ ಕರೆಸಲು ವಕೀಲರಿಗೆ ಹೇಳಿ.

ಮುಂಬೈ, ದುಬೈ, ಬಹರೇನಿನಲ್ಲಿ ದುಡಿಯುವವರ ಕೇಸುಗಳು ನಮ್ಮ ಕಡೆ ಬೇಕಾದಷ್ಟಿವೆ. ನಿಮ್ಮ ಪರವಾಗಿ ಅಣ್ಣನೋ ಭಾವನೋ ಜಿಪಿಎ ಮೇಲೆ ನಡೆಸುತ್ತಿದ್ದರೆ, ವಕೀಲರನ್ನು ನೇಮಿಸುವ ಮತ್ತು ಬದಲಿಸುವ ಅಧಿಕಾರ ಆ ಜಿಪಿಎಯಲ್ಲಿ ಬರೆದಿದೆಯೇ ನೋಡಿ. ಜಿಪಿಎ ಎಂದರೆ ಸಾಮಾನ್ಯ ಅಧಿಕಾರ ಪತ್ರ, ಹಳಬರು ಮುಕ್ತ್ಯಾರ್‌ನಾಮೆ ಅನ್ನುತ್ತಿದ್ದದ್ದು. ಹೊರದೇಶದಲ್ಲಿ ಮಾಡಿದ ಪತ್ರಕ್ಕೆ ಅಲ್ಲಿನ ಭಾರತೀಯ ದೂತಾವಾಸದ ದೃಢೀಕರಣ ಮಾಡಿಸಿ, ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಇದು ತಪ್ಪಿದರೆ ಎದುರುದಾರರು ಮೊದಲು ಆಕ್ಷೇಪ ಎತ್ತುವುದೇ ಅಲ್ಲಿ.

ಪಾಲಿನ ದಾವೆಗಳಲ್ಲಿ ಇನ್ನೊಂದು ತೊಡಕು. ಅಳಿಯಸಂತಾನ ಕುಟುಂಬದ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಕುಟುಂಬದ ಕೇಸಿನಲ್ಲಿ ಒಂದು ಕವರಿನ ಹತ್ತಿಪ್ಪತ್ತು ಜನರಿಗೆ ಒಬ್ಬರೇ ವಕೀಲರು ಇರುವುದುಂಟು (ಕವರು ಎಂದರೆ ಒಬ್ಬ ಮೂಲ ಸ್ತ್ರೀಯಿಂದ ಬಂದ ಕವಲು). ಎಲ್ಲರ ಹಿತ ಒಂದೇ ಇರುವವರೆಗೆ ಇದು ಸರಿ. ಕವರಿನೊಳಗೇ ರಾಜಿಯ ಬಗ್ಗೆ ಭಿನ್ನಮತ ಬಂದರೆ ಆ ವಕೀಲರು ಅದನ್ನು ಎಲ್ಲರಿಗೂ ಬಾಯಿಬಿಟ್ಟು ಹೇಳಬೇಕು. ನೀವೊಬ್ಬರೇ ಬೇರೆ ವಕೀಲರನ್ನು ಇಡಬಹುದು. ಹೊಸ ವಕಾಲತ್ತಿನಲ್ಲಿ ನೀವು ಎಷ್ಟನೇ ವಾದಿ ಅಥವಾ ಪ್ರತಿವಾದಿ ಎಂದು ಬರೆಯಿಸಿ, ಉಳಿದವರ ವಕಾಲತ್ತು ಹಾಗೇ ಇರುತ್ತದೆ. ಎದುರು ಪಾಲುದಾರರ ವಕೀಲರು ‘ಸಂಬಂಧಿಕರೇ ಅಲ್ಲವಾ’ ಎಂದು ನೇರ ನಿಮಗೇ ಫೋನ್ ಮಾಡಿ ವಿವಾದದ ಬಗ್ಗೆ ಮಾತಾಡಿದರೆ ‘ನಮ್ಮ ವಕೀಲರ ಹತ್ತಿರ ಮಾತಾಡಿ’ ಎನ್ನಿ. 34ನೇ ನಿಯಮ ಹೇಳುವುದೂ ಅದನ್ನೇ.

ಹೊಸ ವಕೀಲರಿಗೆ ಕೊಡಲು ಹಣವೇ ಇಲ್ಲವೆಂದಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಮಂಗಳೂರಿನಲ್ಲೂ ಉಡುಪಿಯಲ್ಲೂ ಇದೆ, ತಾಲೂಕುಗಳಲ್ಲಿ ಅದರ ಸಮಿತಿಗಳಿವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಆದಾಯದ ಮಿತಿ ನೋಡದೆಯೇ ಉಚಿತ ವಕೀಲರಿಗೆ ಅರ್ಹರು. ಸಹಾಯವಾಣಿ 15100.

ಹಂತ 5: ಫೈಲನ್ನು ಎಣಿಸಿ ತೆಗೆದುಕೊಳ್ಳಿ

ಫೀಸು ಬಾಕಿ ಇದೆ ಎಂದು ವಕೀಲರು ಫೈಲು ಹಿಡಿದಿಟ್ಟುಕೊಳ್ಳಬಹುದೇ? ಇಲ್ಲ. ಸುಪ್ರೀಂ ಕೋರ್ಟು 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಇದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೀರ್ಮಾನಿಸಿದೆ. ಅಲ್ಲಿ ಒಂದು ಸಹಕಾರಿ ಬ್ಯಾಂಕಿನ ವಕೀಲರು 97,100 ರೂ. ಫೀಸು ಬಾಕಿ ಎಂದು ಫೈಲುಗಳನ್ನು ಕೊಡದೆ ಇಟ್ಟುಕೊಂಡಿದ್ದರು. ಒತ್ತೆಯಿಟ್ಟ ಸಾಮಾನಿನಂತೆ ಕೇಸಿನ ಕಾಗದವನ್ನು ಹಿಡಿದಿಡುವ ಹಕ್ಕು ವಕೀಲರಿಗಿಲ್ಲ, ಕಕ್ಷಿದಾರ ಕೇಳಿದ ಮೇಲೂ ಕೊಡದಿರುವುದು ವೃತ್ತಿ ದುರ್ನಡತೆ ಎಂದು ನ್ಯಾಯಾಲಯ ಹೇಳಿತು. ಫೀಸು ಬಾಕಿ ಇದ್ದರೆ ವಕೀಲರು ಅದಕ್ಕಾಗಿ ಬೇರೆ ದಾವೆ ಹಾಕಿಕೊಳ್ಳಬಹುದು. ಹಾಗೆಂದು ಈ ತೀರ್ಪನ್ನು ಫೀಸು ತಪ್ಪಿಸುವ ದಾರಿಯಾಗಿ ಬಳಸಬೇಡಿ. ಮಾಡಿದ ಕೆಲಸಕ್ಕೆ ಒಪ್ಪಿದ ಹಣ ಬಾಕಿ ಇದ್ದರೆ ಕೊಡಬೇಕು, ಕೊಟ್ಟು ರಸೀದಿ ಪಡೆಯಬೇಕು. ಅದು ನ್ಯಾಯ.

ಫೈಲು ಸಿಗುವ ದಿನ ಗುಮಾಸ್ತರು ಕೊಟ್ಟ ಕಟ್ಟನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಬರಬೇಡಿ. ಅಲ್ಲೇ ಕೂತು ನೋಡಬೇಕಾದ್ದು: ವಾದಪತ್ರ ಮತ್ತು ಪ್ರತಿವಾದಪತ್ರ, ಐ.ಎ.ಗಳು ಮತ್ತು ಅವುಗಳ ಆಕ್ಷೇಪಣೆ, ಸಾಕ್ಷಿಗಳ ಹೇಳಿಕೆ, ಕಮಿಷನರ್ (ಸ್ಥಳ ನೋಡಿಬರಲು ಕೋರ್ಟು ನೇಮಿಸಿದವರು) ಕೊಟ್ಟ ವರದಿ ಮತ್ತು ನಕ್ಷೆ, ಇದುವರೆಗಿನ ಆದೇಶಗಳು, ನಿಮ್ಮ ಮೂಲ ದಾಖಲೆಗಳು. ಎರಡು ಪ್ರತಿ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ. ಎಲ್ಲ ಪರಿಶೀಲಿಸುವ ಮೊದಲು ‘ಎಲ್ಲ ದಾಖಲೆ ಸಂದಾಯವಾಗಿದೆ’ ಎಂಬ ಚೀಟಿಗೆ ಸಹಿ ಹಾಕಬೇಡಿ.

ಮೂಲ ಕ್ರಯಪತ್ರ ಕಾಣದಿದ್ದರೆ ಗಾಬರಿಯಾಗುವ ಮೊದಲು ಅದು ಕೋರ್ಟಿನಲ್ಲಿದೆಯೇ ಕೇಳಿ. ಸಾಕ್ಷ್ಯದ ವೇಳೆ ನಿಶಾನೆ ಹಾಕಿದ ದಾಖಲೆ ಕೋರ್ಟಿನ ವಶದಲ್ಲಿರುತ್ತದೆ. ಆದೇಶದಲ್ಲಿ ‘ಪಿ-1’, ‘ಡಿ-3’ ಎಂದು ಗುರುತು ಇರುತ್ತದೆ, ವಾದಿಯದ್ದಕ್ಕೆ ಪಿ, ಪ್ರತಿವಾದಿಯದ್ದಕ್ಕೆ ಡಿ. ಕೇಸು, ಅಪೀಲು ಮುಗಿದ ಮೇಲೆ ಅರ್ಜಿ ಹಾಕಿ ವಾಪಸು ಪಡೆಯಬಹುದು. ಫೈಲು ಪೂರಾ ಸಿಗದೇ ಹೋದರೂ ಕೇಸು ನಿಲ್ಲುವುದಿಲ್ಲ. ಕೋರ್ಟಿನ ನಕಲು ವಿಭಾಗದಿಂದ ದೃಢೀಕೃತ ನಕಲುಗಳು, ಉಪನೋಂದಣಿ ಕಚೇರಿಯಿಂದ ನೋಂದಾಯಿತ ಪತ್ರದ ನಕಲು ಮತ್ತು ಋಣಭಾರ ಪತ್ರ (ಜನ ಇಸಿ ಅನ್ನುವುದು), ಭೂಮಿ ಕೇಂದ್ರದಿಂದ ಆರ್‌ಟಿಸಿ ಸಿಗುತ್ತವೆ. ಇವುಗಳಿಗೆ ಮೊದಲೇ ಅರ್ಜಿ ಹಾಕಿಬಿಟ್ಟರೆ ಹಳೆಯ ಆಫೀಸಿನ ಬಾಗಿಲು ಕಾಯುವ ಅಗತ್ಯವೂ ಕಡಿಮೆಯಾಗುತ್ತದೆ.

ಬಿಟ್ಟುಬಂದ ವಕೀಲರು ನಮ್ಮ ಗುಟ್ಟು ಎದುರುದಾರರಿಗೆ ಹೇಳಿದರೆ ಎಂಬ ಭಯ ಹಲವರಿಗಿದೆ. ನೀವು ಕೇಸಿಗಾಗಿ ಹೇಳಿದ ಮಾತನ್ನು ನಿಮ್ಮ ಒಪ್ಪಿಗೆಯಿಲ್ಲದೆ ಹೊರಗೆಡಹುವಂತಿಲ್ಲ. ನೇಮಕ ಮುಗಿದ ಮೇಲೂ ಆ ಹೊಣೆ ಮುಂದುವರಿಯುತ್ತದೆ. ಇದು ಹಿಂದೆ ಸಾಕ್ಷ್ಯ ಕಾಯ್ದೆಯ 126ನೇ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಮುಂದೆ ಅಪರಾಧ ಮಾಡುವ ಉದ್ದೇಶದಿಂದ ಹೇಳಿದ ಮಾತಿಗೆ ಈ ರಕ್ಷಣೆ ಇಲ್ಲ. ಅದೇ ಕೇಸಿನಲ್ಲಿ ಅವರು ಎದುರುದಾರರ ಪರ ಹಾಜರಾಗುವುದನ್ನೂ 33ನೇ ನಿಯಮ ತಡೆಯುತ್ತದೆ.

ಹಂತ 6: ಹಣದ ಲೆಕ್ಕ

ಬಾರ್ ಕೌನ್ಸಿಲಿನ 25ರಿಂದ 30ರವರೆಗಿನ ನಿಯಮಗಳು ಹೇಳುವುದಿಷ್ಟು: ಕಕ್ಷಿದಾರರಿಂದ ಬಂದ ಹಣಕ್ಕೆ ವಕೀಲರು ಲೆಕ್ಕ ಇಡಬೇಕು, ಫೀಸು ಎಷ್ಟು, ಖರ್ಚು ಎಷ್ಟು ಎಂದು ಬೇರೆ ಬೇರೆ ತೋರಿಸಬೇಕು, ನಿಮ್ಮ ಪರವಾಗಿ ಹಣ ಬಂದರೆ ಆದಷ್ಟು ಬೇಗ ತಿಳಿಸಬೇಕು, ನೀವು ಕೇಳಿ, ನಕಲಿನ ಖರ್ಚು ಕೊಟ್ಟರೆ ಲೆಕ್ಕದ ಪ್ರತಿ ಕೊಡಬೇಕು. ವಕೀಲರೇ ಕೇಸು ಬಿಟ್ಟುಹೋದರೆ, ಮಾಡದ ಕೆಲಸಕ್ಕೆ ಪಡೆದ ಫೀಸಿನ ಪಾಲನ್ನು ವಾಪಸು ಕೊಡಬೇಕೆಂದು 12ನೇ ನಿಯಮ.

ಹೆಚ್ಚು ಮೋಸ ನಡೆಯುವುದು ಅಪಘಾತ ಪರಿಹಾರದಲ್ಲಿ. ಗಾಯಾಳು ಇನ್ನೂ ವಾರ್ಡಿನಲ್ಲಿರುವಾಗಲೇ ಮಧ್ಯವರ್ತಿ ಬಂದು ವಕಾಲತ್ತಿಗೂ ಖಾಲಿ ಹಾಳೆಗೂ ಸಹಿ ಪಡೆಯುತ್ತಾನೆ, ‘ಈಗ ಏನೂ ಕೊಡಬೇಡಿ, ಬಂದ ಹಣದಲ್ಲಿ ಇಷ್ಟು ಪರ್ಸೆಂಟ್’ ಎನ್ನುತ್ತಾನೆ. ಇದರಲ್ಲಿ ತಪ್ಪು ಒಂದಲ್ಲ, ಎರಡಿದೆ. ಮಧ್ಯವರ್ತಿ ಮೂಲಕ ಕೇಸು ಹಿಡಿಯುವುದನ್ನು 36ನೇ ನಿಯಮ ನಿಷೇಧಿಸಿದೆ. ಗೆದ್ದ ಹಣದಲ್ಲಿ ಪಾಲು ಎಂಬ ಕರಾರನ್ನು 20ನೇ ನಿಯಮ ನಿಷೇಧಿಸಿದೆ. ಅಂಥ ಕರಾರಿಗೆ ಸಹಿ ಹಾಕಿದ್ದೀರಿ ಎಂದು ಹೆದರಬೇಕಿಲ್ಲ. ಇ-ಕೋರ್ಟ್ಸ್‌ನಲ್ಲಿ ತೀರ್ಪು ತೆರೆದು, ಒಟ್ಟು ಮೊತ್ತ ಎಷ್ಟು, ಬಡ್ಡಿ ಎಷ್ಟು, ಠೇವಣಿ ಇಡಲು ಹೇಳಿದ ಭಾಗ ಎಷ್ಟು ಎಂದು ಬರೆದುಕೊಳ್ಳಿ. ನಿಮ್ಮ ಖಾತೆಗೆ ಬಂದ ಹಣದೊಂದಿಗೆ ಹೋಲಿಸಿ. ಖಾಲಿ ಚೆಕ್ಕು ಮತ್ತು ಪಾಸ್‌ಬುಕ್ಕನ್ನು ಯಾರ ಕೈಗೂ ಕೊಡಬೇಡಿ.

ಗಮನಿಸದೆ ಬಿಡುವ ಇನ್ನೊಂದು ಹಣ ಕೋರ್ಟ್ ಫೀ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ಹಿಂದೆ ಬರುತ್ತದೆ. ಅದು ನಿಮ್ಮ ಹಣ.

ಹಂತ 7: ಇದು ದೂರಿನ ವಿಷಯವೇ?

ಕೇಸು ಸೋತದ್ದು ದುರ್ನಡತೆ ಅಲ್ಲ. ಕಾನೂನಿನ ಒಂದು ಅಂಶವನ್ನು ತಪ್ಪಾಗಿ ಅರ್ಥೈಸಿದ್ದೂ ಅಲ್ಲ. ಬರೀ ಅಜಾಗರೂಕತೆ, ಅದರ ಹಿಂದೆ ಕೆಟ್ಟ ನಡತೆ ಇಲ್ಲವೆಂದರೆ, ಶಿಸ್ತು ಕ್ರಮಕ್ಕೆ ಸಾಲದು ಎಂಬುದು ಸುಪ್ರೀಂ ಕೋರ್ಟಿನ ಹಳೆಯ ನಿಲುವು. ಇದು ಕೇಳಲು ಕಹಿ, ಆದರೆ ದೂರು ಬರೆಯುವ ಮೊದಲು ತಿಳಿದಿರಬೇಕು.

ದೂರಿಗೆ ನಿಲ್ಲುವಂಥವು: ನಿಮ್ಮ ಹಣ ಅಥವಾ ಪರಿಹಾರದ ಮೊತ್ತ ನುಂಗುವುದು, ಕೋರ್ಟ್ ಫೀ ಎಂದು ಹಣ ಪಡೆದು ಕೇಸೇ ಹಾಕದಿರುವುದು, ಹಾಕಿದ್ದೇನೆ ಎಂದು ಸುಳ್ಳು ನಂಬರು ಕೊಡುವುದು, ಫೈಲು ಹಿಡಿದಿಡುವುದು, ಎರಡೂ ಪಕ್ಷದ ಪರ ಕೆಲಸ ಮಾಡುವುದು, ಸಹಿ ನಕಲು ಮಾಡುವುದು, ನಿಮಗೆ ತಿಳಿಸದೆ ರಾಜಿ ಮಾಡುವುದು. ಅಚ್ಚಾದ ವಕಾಲತ್ತಿನಲ್ಲಿ ‘ರಾಜಿ ಮಾಡಲು ಅಧಿಕಾರ’ ಎಂಬ ಸಾಲು ಇದ್ದೇ ಇರುತ್ತದೆ. ಆದರೂ ಕಕ್ಷಿದಾರರ ಸ್ಪಷ್ಟ ಸೂಚನೆ ಪಡೆಯದೆ ಅವರ ಹಕ್ಕನ್ನು ಬಿಟ್ಟುಕೊಡುವಂತಿಲ್ಲ.

ಎಲ್ಲಕ್ಕಿಂತ ಗಂಭೀರವಾದದ್ದು ‘ಜಡ್ಜಿಗೆ ಕೊಡಬೇಕು’ ಎಂದು ಹಣ ಕೇಳುವುದು. ಶಂಭುರಾಮ್ ಯಾದವ್ ಪ್ರಕರಣದಲ್ಲಿ ವಕೀಲರೊಬ್ಬರು ‘ನ್ಯಾಯಾಧೀಶರು ಲಂಚ ತೆಗೆದುಕೊಳ್ಳುತ್ತಾರೆ, 10,000 ರೂ. ಕಳಿಸಿಕೊಡಿ’ ಎಂದು ಕಕ್ಷಿದಾರನಿಗೆ ಪತ್ರ ಬರೆದಿದ್ದರು. ಅವರನ್ನು ವೃತ್ತಿಯಿಂದ ಶಾಶ್ವತವಾಗಿ ಹೊರಹಾಕಿದ ಆದೇಶವನ್ನು ಬಾರ್ ಕೌನ್ಸಿಲ್ ಆಫ್ ಇಂಡಿಯಾ ಮರುಪರಿಶೀಲನೆಯಲ್ಲಿ ಬರೀ ವಾಗ್ದಂಡನೆಗೆ ಇಳಿಸಿತ್ತು, 2001ರಲ್ಲಿ ಸುಪ್ರೀಂ ಕೋರ್ಟು ಮೊದಲಿನ ಆದೇಶವನ್ನೇ ಮರುಸ್ಥಾಪಿಸಿತು. ನಿಮಗೆ ಹೀಗೆ ಕೇಳಿದರೆ ಕೊಡಬೇಡಿ. ಕೊಟ್ಟರೆ ನೀವೂ ಅದರ ಪಾಲುದಾರರು.

ಹಂತ 8: ದೂರು ಯಾರಿಗೆ, ಹೇಗೆ

ಮಂಗಳೂರು, ಉಡುಪಿಯ ವಕೀಲರ ಸಂಘಕ್ಕೆ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಸಂಘದ ಹಿರಿಯರು ಮಾತಾಡಿಸಿ ಫೈಲು ಕೊಡಿಸಬಹುದು, ಅಷ್ಟಕ್ಕೆ ಕೇಳುವುದರಲ್ಲಿ ತಪ್ಪಿಲ್ಲ. ಶಿಕ್ಷಿಸುವ ಅಧಿಕಾರ ಇರುವುದು ರಾಜ್ಯ ವಕೀಲರ ಪರಿಷತ್ತಿಗೆ, ಬೆಂಗಳೂರಿನ ಡಾ. ಅಂಬೇಡ್ಕರ್ ವೀಧಿಯ ಹಳೆ ಕೆಜಿಐಡಿ ಕಟ್ಟಡದಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ವಕೀಲರು ಯಾವ ರಾಜ್ಯದ ಪಟ್ಟಿಯಲ್ಲಿದ್ದಾರೋ ಆ ರಾಜ್ಯದ ಪರಿಷತ್ತಿಗೇ ದೂರು ಹೋಗಬೇಕು. ಮಂಜೇಶ್ವರ, ಕಾಸರಗೋಡು ಕಡೆಯ ಕೇಸಾದರೆ ವಕೀಲರು ಕೇರಳದ ಪಟ್ಟಿಯಲ್ಲಿರಬಹುದು, ಅದನ್ನು ಮೊದಲು ನೋಡಿಕೊಳ್ಳಿ. ನೋಂದಣಿ ಸಂಖ್ಯೆ ವಕಾಲತ್ತಿನ ಮೇಲೆ ಇರುತ್ತದೆ, ಕರ್ನಾಟಕದ್ದು ‘ಕೆಎಆರ್’, ಒಂದು ಸಂಖ್ಯೆ, ನೋಂದಾದ ವರ್ಷ ಎಂಬ ರೂಪದಲ್ಲಿ. ಆ ವ್ಯಕ್ತಿ ಯಾವ ಪಟ್ಟಿಯಲ್ಲೂ ಇಲ್ಲವೆಂದು ಗೊತ್ತಾದರೆ ಅದು ಪೊಲೀಸ್ ಠಾಣೆಯ ವಿಷಯ. ವಕೀಲರಲ್ಲದವರು ಕೋರ್ಟಿನಲ್ಲಿ ವಕೀಲಿ ನಡೆಸಿದರೆ 6 ತಿಂಗಳವರೆಗೆ ಜೈಲು.

ಗ್ರಾಹಕ ನ್ಯಾಯಾಲಯದ ದಾರಿ ಈಗ ಇಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಮೇ 14ರಂದು ತೀರ್ಪಿತ್ತಿದೆ.

ದೂರು ಕನ್ನಡದಲ್ಲೇ ಇರಬಹುದು. ಅರ್ಜಿಯ ರೂಪದಲ್ಲಿರಬೇಕು, ಸಹಿ ಇರಬೇಕು, ಕೊನೆಗೆ ಸತ್ಯಾಪನೆ ಇರಬೇಕು, ಅಂದರೆ ಯಾವ ಪ್ಯಾರಾ ನಿಮಗೆ ಸ್ವತಃ ಗೊತ್ತಿರುವುದು, ಯಾವುದು ಕೇಳಿ ತಿಳಿದದ್ದು ಎಂಬ ದೃಢೀಕರಣ. ನಿಗದಿಯಾದ ಶುಲ್ಕ ಮತ್ತು ಎಷ್ಟು ಪ್ರತಿ ಬೇಕೆಂಬುದನ್ನು ಪರಿಷತ್ತಿನ ಕಚೇರಿಯಲ್ಲಿ ವಿಚಾರಿಸಿ ಕಳಿಸಿ. ಬರೀ ಪತ್ರ ಅಥವಾ ಇ-ಮೇಲ್ ಕಳಿಸಿ ಸುಮ್ಮನಾದರೆ ಅದು ಅಲ್ಲೇ ಉಳಿಯುತ್ತದೆ.

ಬರೆಯುವಾಗ ಒಂದು ಪ್ಯಾರಾಕ್ಕೆ ಒಂದು ಸಂಗತಿ, ಒಂದು ದಿನಾಂಕ, ಒಂದು ಅಡಕ. ‘ನನಗೆ ಘೋರ ಮೋಸ ಮಾಡಿ ನಮ್ಮ ಕುಟುಂಬವನ್ನೇ ಬೀದಿಗೆ ತಂದರು’ ಎಂದು ಬರೆದರೆ ಪರಿಶೀಲಿಸುವವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: ‘ಇಂಥ ದಿನ ಅಪೀಲಿನ ಕೋರ್ಟ್ ಫೀ ಎಂದು 18,000 ರೂ. ಯುಪಿಐ ಮೂಲಕ ಪಡೆದರು (ಅಡಕ 3). ಇಂಥ ದಿನ ಅಪೀಲು ಹಾಕಿದ್ದೇನೆ ಎಂದು ವಾಟ್ಸಾಪಿನಲ್ಲಿ ತಿಳಿಸಿದರು (ಅಡಕ 4). ಇಂಥ ದಿನ ನಕಲು ವಿಭಾಗದಲ್ಲಿ ವಿಚಾರಿಸಿದಾಗ ಅಪೀಲು ಸಲ್ಲಿಕೆಯಾಗಿಲ್ಲ ಎಂದು ತಿಳಿಯಿತು (ಅಡಕ 5).’ ಮೂಲ ದಾಖಲೆ ಕಳಿಸಬೇಡಿ, ನಕಲು ಸಾಕು. ವಾಟ್ಸಾಪ್ ಪ್ರಿಂಟಿನ ಜೊತೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟು, ಅಂದರೆ ಆ ಪ್ರಿಂಟು ಯಾವ ಫೋನಿನಿಂದ ಹೇಗೆ ಬಂತೆಂಬ ದೃಢೀಕರಣ ಇಡಿ. ದೂರು ಕೊಟ್ಟ ಮೇಲೆ ಅದನ್ನು ಫೇಸ್‌ಬುಕ್ಕಿಗೋ ಊರಿನ ಗ್ರೂಪಿಗೋ ಹಾಕಬೇಡಿ. ಮಾನನಷ್ಟದ ಕೇಸು ನಿಮ್ಮ ಮೇಲೆಯೇ ತಿರುಗಬಹುದು.

ಪರಿಷತ್ತು ವಕೀಲರ ಉತ್ತರ ಕೇಳಬಹುದು. ಮೇಲ್ನೋಟಕ್ಕೆ ಹುರುಳಿದೆ ಎನಿಸಿದರೆ ವಕೀಲರ ಕಾಯ್ದೆಯ 35ನೇ ಕಲಮಿನಡಿ ಮೂವರ ಶಿಸ್ತು ಸಮಿತಿಗೆ ಒಪ್ಪಿಸುತ್ತದೆ. ಸಮಿತಿ ಸಮನ್ಸ್ ಕಳಿಸಬಹುದು, ಪ್ರಮಾಣ ಮಾಡಿಸಿ ಸಾಕ್ಷ್ಯ ಪಡೆಯಬಹುದು. ನೀವೂ ಪಾಟೀಸವಾಲಿಗೆ ನಿಲ್ಲಬೇಕಾಗುತ್ತದೆ, ಘಟ್ಟ ಹತ್ತಿ ಹೋಗಿಬರುವ ತಯಾರಿ ಇರಲಿ. ದೂರು ವಜಾ ಮಾಡುವುದು, ವಾಗ್ದಂಡನೆ, ಒಂದು ಅವಧಿಗೆ ಅಮಾನತು, ಪಟ್ಟಿಯಿಂದ ಹೆಸರು ತೆಗೆಯುವುದು ಇವುಗಳಲ್ಲಿ ಒಂದು ಆದೇಶ ಬರುತ್ತದೆ. ಈ ಸಮಿತಿ ಇರುವುದು ವಕೀಲರ ನಡತೆಯನ್ನು ನೋಡಲು, ನಿಮ್ಮ ನಷ್ಟ ತುಂಬಿಕೊಡಲು ಅಲ್ಲ. ಹಣ ವಸೂಲಿಗೆ ಸಿವಿಲ್ ದಾವೆ, ಹಣ ನುಂಗಿದ್ದಕ್ಕೆ ನಂಬಿಕೆ ದ್ರೋಹದ ಪೊಲೀಸ್ ದೂರು ಬೇರೆಯಾಗಿ ನಡೆಯಬೇಕು, ಒಂದಕ್ಕಾಗಿ ಇನ್ನೊಂದನ್ನು ಕಾಯಬೇಡಿ. ನಡುವೆ ರಾಜಿಯಾದರೂ ಅದೊಂದೇ ಕಾರಣಕ್ಕೆ ಶಿಸ್ತು ವಿಚಾರಣೆ ನಿಲ್ಲುವುದಿಲ್ಲ. ಆದ್ದರಿಂದ ಹಣ ಬೇಗ ಬರಲಿ ಎಂಬ ಒತ್ತಡದ ಆಟಕ್ಕೆ ಇದನ್ನು ಬಳಸಬೇಡಿ.

ದೂರು ತಲುಪಿದ 1 ವರ್ಷದೊಳಗೆ ತೀರ್ಮಾನವಾಗದಿದ್ದರೆ 36-ಬಿ ಕಲಮಿನಂತೆ ಅದು ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ವರ್ಗವಾಗುತ್ತದೆ. ದೂರು ಸ್ವೀಕೃತಿಯ ಮೊಹರಿನ ದಿನಾಂಕ ಇದಕ್ಕೇ ಬೇಕು. ವರ್ಷ ತುಂಬಿದ ವಾರವೇ ಎರಡೂ ಕಡೆಗೆ ಬರೆದು ಕೇಳಿ. ರಾಜ್ಯ ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಅಪೀಲು ಹೋಗಬಹುದು, ಎರಡಕ್ಕೂ ಗಡುವು 60 ದಿನ. ಆದೇಶ ತಿಳಿಸಿದ ದಿನದಿಂದ ಎಣಿಕೆ ಶುರು, ಹಾಗಾಗಿ ಅಂಚೆಯವರು ಲಕೋಟೆ ಕೊಟ್ಟ ಕೂಡಲೇ ಅದರ ಮೇಲೆ ಆ ದಿನದ ತಾರೀಕು ಬರೆದಿಡಿ, ಲಕೋಟೆಯನ್ನೂ ಎಸೆಯಬೇಡಿ.